ಪಂಪಿನ ಹೆಡ್ ಅಳೆಯುವ ಬಗೆ

ನೀರು ಕಡಿಮೆಯಾದೊಡನೆ ಹೆಚ್ಚು ಅಶ್ವಶಕ್ತಿಯ ಪಂಪು ಕೊಳ್ಳುವುದು ದುಡುಕು. ಮೊದಲು ಈಗಿರುವ ಸೆಂಟ್ರಿಫ್ಯೂಗಲ್ ಪಂಪಿನ ಒಟ್ಟು ಹೆಡ್ಡನ್ನು ಅದು ಓಡುತ್ತಿರುವಾಗಲೇ ಅಳೆಯಬೇಕು. ಹೊರಕೊಳವೆಯ ಒತ್ತಡ ಮಾಪಕವು ಚ.ಸೆಂ.ಮೀ.ಗೆ 1.8 ಕಿ.ಗ್ರಾಂ. ತೋರಿಸಿದರೆ ಅದು 18 ಮೀಟರ್ ನೀರಿಗೆ ಸಮ. ಹೀರುಕೊಳವೆಯ ನಿರ್ವಾತ ಮಾಪಕದಲ್ಲಿ 368 ಮಿ.ಮೀ. ಪಾದರಸವಿದ್ದರೆ, 13.6ರಿಂದ ಗುಣಿಸಿದಾಗ 5 ಮೀಟರ್ ನೀರಾಗುತ್ತದೆ. ಒತ್ತಡ ಮಾಪಕವು ನಿರ್ವಾತ ಮಾಪಕಕ್ಕಿಂತ ಅರ್ಧ ಮೀಟರ್ ಮೇಲಿದ್ದರೆ ಅದನ್ನೂ ಕೂಡಿಸಬೇಕು. ಹಲವರು ಮರೆಯುವುದು ಇದನ್ನೇ. ಎರಡೂ ಕೊಳವೆಗಳ ವ್ಯಾಸ ಒಂದೇ ಆಗಿದ್ದರೆ ಒಟ್ಟು ಹೆಡ್ 23.5 ಮೀಟರ್.

ಬಾವಿಯ ನೀರಿನ ಮಟ್ಟದಿಂದ ನೀರು ಬೀಳುವ ತುದಿಯವರೆಗಿನ ಎತ್ತರ 16 ಮೀಟರ್ ಎನ್ನೋಣ. ಉಳಿದ 7.5 ಮೀಟರಿನಲ್ಲಿ ಬಹುಪಾಲು ಕೊಳವೆ, ಬೆಂಡು, ಫುಟ್‌ವಾಲ್ವ್‌ಗಳ ಘರ್ಷಣೆಗೇ ವ್ಯಯವಾಗುತ್ತಿದೆ. ಫುಟ್‌ವಾಲ್ವಿನ ಜಾಲರಿ ಶುಚಿಮಾಡಿ, ಕಿರಿದಾದ ಕೊಳವೆ ಬದಲಿಸಿದರೆ ಅದೇ ಪಂಪು ಹೆಚ್ಚು ನೀರು ಕೊಡುತ್ತದೆ.