ಕರೆಂಟ್ ಹೋದರೂ ರಿಂಗ್ ಆಗುತ್ತಿದ್ದ ಫೋನ್

ನಾವು ಸೆಕೆಂಡ್ ಇಯರ್‌ನವರು ಡಯಲ್ ತಿರುಗಿಸಿ ಬೆಳೆದವರಲ್ಲ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳ ಜಗಲಿಯಲ್ಲಿ ಹಳೇ ಫೋನ್ ಇನ್ನೂ ಕೂತಿರೋದನ್ನ ನೋಡಿದ್ದೀವಿ. ಆ ಡಬ್ಬದೊಳಗೆ ನಮ್ಮ ಸಿಲಬಸ್‌ನ ವಿಷಯ ಬೇಕಾದಷ್ಟಿದೆ.

ಮೊದಲು ಡಯಲ್. ತಿರುಗಿಸಿ ಬಿಟ್ಟರೆ ಅದು ವಾಪಸ್ ಬರುವಾಗ ಲೈನಿನ ಕರೆಂಟನ್ನು ಕಡಿದು ಕೂಡಿಸುತ್ತೆ. 3 ಒತ್ತಿದರೆ ಅಲ್ಲ, ತಿರುಗಿಸಿದರೆ 3 ಸಲ. 0 ಅಂದರೆ 10 ಸಲ. ಸೆಕೆಂಡಿಗೆ ಸುಮಾರು 10 ಪಲ್ಸ್. ಸಾಗರದ ಎಸ್‌ಟಿಡಿ ಕೋಡ್ 08183, ಕೂಡಿಸಿದರೆ 30 ಪಲ್ಸ್. ಅಂದರೆ ಕೋಡ್ ಒಂದಕ್ಕೇ 3 ಸೆಕೆಂಡ್‌ಗಿಂತ ಜಾಸ್ತಿ. ತೀರ್ಥಹಳ್ಳಿಯ 08181ಕ್ಕೆ 28, ಹೊಸನಗರದ 08185ಕ್ಕೆ 32.

ಹಳ್ಳಿಗಳಿಗೆ ಫೋನ್ ಹರಡಲು ನಮ್ಮ ದೇಶದ್ದೇ ಎಕ್ಸ್‌ಚೇಂಜ್ ಬೇಕಿತ್ತು. 1984ರಲ್ಲಿ ಶುರುವಾದ ಸಿ-ಡಾಟ್, ಎಸಿ ಇಲ್ಲದೆಯೂ ನಡೆಯುವ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಮಾಡಿತು. ಅದು ಮೊದಲು ಬಂದಿದ್ದು ನಮ್ಮ ಕಿತ್ತೂರಿಗೆ, 1986ರಲ್ಲಿ.

ಈಗ ಮುಖ್ಯ ಮಾತು. ಫೋನಿಗೆ ಬೇಕಾದ 48 ವೋಲ್ಟ್ ಡಿಸಿ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ಜೋಡಿ ತಂತಿಯಲ್ಲಿ ಬರುತ್ತಿತ್ತು. ಮಳೆಗಾಲದಲ್ಲಿ ಮನೆಯ ಕರೆಂಟ್ ಹೋದರೂ ಡಾಕ್ಟರಿಗೆ ಫೋನ್ ಮಾಡಬಹುದಿತ್ತು. ಮರ ಬಿದ್ದು ತಂತಿ ಹರಿದರೆ ಮಾತ್ರ ವಾರಗಟ್ಟಲೆ ಮೌನ! ಇವತ್ತು ಫೈಬರ್ ಮೋಡೆಮ್‌ಗೆ ಮನೆಯ ಕರೆಂಟೇ ಬೇಕು. ಟವರಿನ ಬ್ಯಾಟರಿ ಮುಗಿದರೆ ಮೊಬೈಲೂ ಸತ್ತಂತೆ. ಸ್ಪೀಡ್ ಗಳಿಸಿದ್ದೀವಿ, ಈ ಭರವಸೆ ಕಳೆದುಕೊಂಡಿದ್ದೀವಿ. ನಮ್ಮ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೇ ಪ್ರಶ್ನೆ ಬೇಕಾ? ರಜೆಗೆ ಊರಿಗೆ ಹೋದಾಗ ಹಳೇ ಸೆಟ್ ಗುಜರಿಗೆ ಹೋಗೋ ಮುಂಚೆ ಒಮ್ಮೆ ಬಿಚ್ಚಿ ನೋಡಿ.