ರಸ್ತೆ ಸರಿದರೇನು, ಮೊಬೈಲಿದೆಯಲ್ಲ

ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಚನ್ನಪಟ್ಟಣದಲ್ಲಿ ಮಕ್ಕಳಿಗೊಂದು ಬೊಂಬೆ ಕೊಂಡು ಬೆಂಗಳೂರಿನಿಂದ ಮೈಸೂರಿಗೆ ಹೋಗುವುದು ಹಳೆಯ ರೂಢಿ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಈ ಊರುಗಳ ಹೊರಗಿಂದಲೇ ಹಾದುಹೋಗುತ್ತದೆ; ಕಾರುಗಳೂ ಅದರ ಹಿಂದೆಯೇ ಹೋದವು. ಬೊಂಬೆ ಮಾಡುವ ಅಣ್ಣಂದಿರೇ, ಅಕ್ಕಂದಿರೇ, ರಸ್ತೆಯನ್ನು ಬೈದು ಫಲವಿಲ್ಲ. ಮೊದಲು ಗೂಗಲ್ ಮ್ಯಾಪಿನಲ್ಲಿ ನಿಮ್ಮ ಅಂಗಡಿಯ ಗುರುತು ಹಾಕಿಸಿ. ಖರ್ಚಿಲ್ಲ.

ಆಮೇಲೆ ವಿಡಿಯೊ. ಲೇತಿನಲ್ಲಿ ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಕರಗಿ ಬಣ್ಣ ಹಿಡಿಯುತ್ತದಲ್ಲ, ಮೇಲೆ ತಾಳೆಗರಿ ಹಿಡಿದರೆ ಫಳಫಳ ಹೊಳೆಯುತ್ತದಲ್ಲ, ನಿಮಗದು ದಿನದ ಕೆಲಸ, ನೋಡುವವರಿಗೆ ಮಾಯೆ. ಅರ್ಧ ನಿಮಿಷ ಹಿಡಿದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿ. ಸಿನಿಮಾ ಹಾಡು ಬೇಡ, ಲೇತಿನ ಸದ್ದೇ ಚೆಂದ. ಫೋಟೊ ತೆಗೆಯುವಾಗ ಬೊಂಬೆಯ ಪಕ್ಕ ಒಂದು ನಾಣ್ಯ ಇಡಿ, ಅಳತೆ ತಿಳಿಯುತ್ತದೆ. ಬೆಲೆಯನ್ನೂ ಬರೆಯಿರಿ. 'ಬೆಲೆಗೆ ಫೋನ್ ಮಾಡಿ' ಎಂದಿದ್ದರೆ ನಾನಂತೂ ಮಾಡುವುದಿಲ್ಲ. ನಿಮ್ಮ ಬೊಂಬೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ, ಅದನ್ನು ಹೇಳಿಕೊಳ್ಳಲು ಸಂಕೋಚವೇಕೆ?

ಹಣವನ್ನೂ ಮೊಬೈಲಿನಲ್ಲೇ ಪಡೆಯಿರಿ. ಕುಶಲಕರ್ಮಿಗಳಿಗಾಗಿ ಇರುವ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬೊಂಬೆ ತಯಾರಿಕೆಯೂ ಒಂದು. ಅದರಲ್ಲಿ ಹೆಸರಿದ್ದರೆ ಪ್ರತಿ ಡಿಜಿಟಲ್ ವಹಿವಾಟಿಗೆ 1 ರೂಪಾಯಿಯಂತೆ ತಿಂಗಳಿಗೆ 100 ವಹಿವಾಟಿನವರೆಗೆ ಪ್ರೋತ್ಸಾಹಧನ ಉಂಟು. ಚಹಾದ ಖರ್ಚು ಅನ್ನಿ.

ಇನ್ನೊಂದು ಮಾತು. ದುಡ್ಡು ನಿಮ್ಮ ಖಾತೆಗೆ ಬರಲು ಯುಪಿಐ ಪಿನ್ ಒತ್ತಬೇಕಾಗಿಲ್ಲ; ಒತ್ತಿ ಎಂದವನು ಕಳ್ಳ. 'ಹಣ ಹಾಕಿದ್ದೇನೆ' ಎಂಬ ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಕಟ್ಟಬೇಡಿ. ಖಾತೆ ನೋಡಿ, ಆಮೇಲೆ ದಾರ ಸುತ್ತಿ.