ಪೋಲಿಷ್ ಕ್ರಿಯಾಪದದ ಜೊತೆ ಗುದ್ದಾಟ

ಕೆಲಸಕ್ಕೆಂದು ವಾರ್ಸಾಗೆ ಹೋದವನು ನಾನು, ವ್ಯಾಕರಣ ಓದಿಕೊಂಡವನಲ್ಲ. ಇಂಗ್ಲಿಷಿನ ಮೂಲಕವೇ ಪೋಲಿಷ್ ಕಲಿಯಲು ಹೊರಟು ಪೆಟ್ಟು ತಿಂದೆ.

1. 'ನಾನು' ಕಡಿಮೆ ಮಾಡಿ

ಇಂಗ್ಲಿಷಿನಲ್ಲಿ 'ಐ' ಇಲ್ಲದೆ ಮಾತು ಹೊರಡದು. ಅದೇ ಚಾಳಿಯಲ್ಲಿ ಮಾತುಮಾತಿಗೂ 'ಯಾ' ಎನ್ನುತ್ತಿದ್ದೆ. ಕೇಳಿದವರಿಗೆ ಅದು 'ನಾನೇ, ನಾನೇ' ಎಂದು ಎದೆ ತಟ್ಟಿಕೊಂಡಂತೆ. ನಮ್ಮ 'ಬಂದೆ', 'ಬಂದೆವು' ಹಾಗೆ ಪೋಲಿಷ್‌ನಲ್ಲೂ ಯಾರೆಂಬುದನ್ನು ಕ್ರಿಯಾಪದದ ಬಾಲವೇ ಹೇಳುತ್ತದೆ.

2. ಟೀಚರ್ ಹೇಳಿದ್ದನ್ನೇ ಒಪ್ಪಿಸಬೇಡಿ

ನನ್ನ ಟೀಚರ್ ಮಹಿಳೆ. 'ನಾನಿದ್ದೆ' ಎನ್ನಲು ಅವರು 'ಬಿವಾಮ್' ಎಂದರು, ನಾನೂ ಊರೆಲ್ಲ ಹಾಗೇ ಹೇಳಿಕೊಂಡು ತಿರುಗಿದೆ. ಗಂಡಸಾದರೆ 'ಬಿವೆಮ್' ಅನ್ನಬೇಕಂತೆ. ಕನ್ನಡದಲ್ಲಿ ಈ ಭೇದ ಬಂದನು, ಬಂದಳು ಎನ್ನುವಲ್ಲಿಗೇ ಮುಗಿಯುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕಂತೂ ಲಿಂಗದ ಗೊಡವೆಯೇ ಇಲ್ಲ.

3. ಕೆಲಸ ಮುಗಿಯಿತೋ ಇಲ್ಲವೋ, ಮೊದಲು ಹೇಳಿ

ಶಾಲೆಯಲ್ಲಿ ಇಂಗ್ಲಿಷಿನ 12 ಟೆನ್ಸ್ ಉರು ಹೊಡೆದಿದ್ದ ನನಗೆ, ಪೋಲಿಷ್‌ನಲ್ಲಿ ಮೂರೇ ಕಾಲ ಎಂದಾಗ ಹಬ್ಬ. ಆದರೆ ಹೆಚ್ಚಿನ ಕ್ರಿಯಾಪದಗಳು ಅಲ್ಲಿ ಜೋಡಿಯಾಗಿರುತ್ತವೆ: ನಡೆಯುತ್ತಿರುವ ಕೆಲಸಕ್ಕೊಂದು, ಪೂರೈಸಿದ್ದಕ್ಕೊಂದು. ವರದಿ ಪೂರ್ತಿ ಬರೆದು ಬಾಸ್‌ಗೆ 'ಪಿಸಾವೆಮ್' ಎಂದೆ. ಅವರಿಗದು 'ಬರೆಯುತ್ತಿದ್ದೆ' ಎಂದು ಕೇಳಿಸಿತು. ಯಾವಾಗ ಮುಗಿಯುತ್ತೆ ಎಂದರು. 'ನಪಿಸಾವೆಮ್' ಎಂದಿದ್ದರೆ ಬರೆದು ಮುಗಿಸಿದಂತೆ. ಇಂಗ್ಲಿಷಿನ 'ರೋಟ್' ಎರಡಕ್ಕೂ ಹೊಂದಿಕೊಳ್ಳಬಲ್ಲದು, ಹಾಗಾಗಿ ಅಲ್ಲಿ ಈ ಪ್ರಶ್ನೆಯೇ ನನಗೆ ಹೊಳೆದಿರಲಿಲ್ಲ. ಇನ್ನೂ ತಮಾಷೆ ಎಂದರೆ, ಪೂರೈಸುವ ಪದಕ್ಕೆ ವರ್ತಮಾನವೇ ಇಲ್ಲ. 'ಪಿಶೆ' ಎಂದರೆ ಬರೆಯುತ್ತಿದ್ದೇನೆ. 'ನಪಿಶೆ' ನೋಡಲು ಅದರಂತೆಯೇ ಇದ್ದರೂ, ಇನ್ನು ಮುಂದೆ ಬರೆದು ಮುಗಿಸುತ್ತೇನೆ ಎಂದರ್ಥ. ಬರೆಯುತ್ತಾ ಇರುತ್ತೇನೆ ಎನ್ನಬೇಕಾದರೆ 'ಬೆಂದೆ ಪಿಸಾಚ್'. 'ಬೆಂದೆ' ಎಂಬ ಆ ಸಹಾಯಕ ಕ್ರಿಯಾಪದ ನನ್ನ ಸ್ಥಿತಿಗೆ ಹೇಳಿ ಮಾಡಿಸಿದಂತಿತ್ತು.

4. ನಡಿಗೆಯೋ, ಗಾಡಿಯೋ?

ಇಂಗ್ಲಿಷಿನ 'ಗೋ' ಎಲ್ಲಿಗೂ ಹೋಗುತ್ತದೆ. ಕ್ರಾಕೋವ್‌ಗೆ ಹೊರಟಾಗ 'ಇದೆ' ಎಂದೆ. ನಡೆದು ಹೋಗುತ್ತೇನೆ ಎಂದಂತಾಯಿತು. ದೂರ ಸುಮಾರು 300 ಕಿ.ಮೀ.! ರೈಲಿಗೆ 'ಯಾದೆ' ಬೇಕಿತ್ತು.

5. 'ನ' ಎಲ್ಲಕ್ಕೂ ಅಂಟದು

'ನಪಿಸಾವೆಮ್' ಕಲಿತ ಹುಮ್ಮಸ್ಸಿನಲ್ಲಿ ಸಿಕ್ಕ ಪದಕ್ಕೆಲ್ಲ 'ನ' ಹಚ್ಚಿದೆ. 'ಕೆಲಸ ಮಾಡಿ ಮುಗಿಸಿದೆ' ಎನ್ನಲು 'ನರೊಬಿವೆಮ್' ಎಂದಾಗ ಆಫೀಸಿನಲ್ಲಿ ನಗು ತಡೆಯಲಾಗಲಿಲ್ಲ. ಗಲೀಜು, ರಾದ್ಧಾಂತ ಮಾಡಿಟ್ಟವರ ಮಾತದು. ಸರಿಯಾದದ್ದು 'ಜ್ರೊಬಿವೆಮ್'. ಓದುವುದಕ್ಕೆ 'ಪ್ಶೆ' ಸೇರುತ್ತದೆ; ತೆಗೆದುಕೊಳ್ಳುವುದಕ್ಕಂತೂ ಜೋಡಿ ಪದವೇ ಬೇರೆ. ಸೂತ್ರ ಹುಡುಕಿ ನಾನು ಕಾಲ ಕಳೆದೆ. ನೀವು ಕಲಿಯಲು ಹೊರಟರೆ ಕ್ರಿಯಾಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ಮೊದಲ ದಿನದಿಂದಲೇ ಜೋಡಿಯಾಗಿ ಬರೆದಿಟ್ಟುಕೊಳ್ಳಿ.